ಭಯಂಕರ ಮೋರೆಗಳ ತಪಾಸಣೆ

ಹೆದರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಭೂಮಿ ಎಂದು ಅಲ್ಲಿಗೇ ನಿಲ್ಲಿಸಿದ್ದೇನೆ, ಅಷ್ಟು ವಿನಯವಂತ ನಾನು. ಹಿಂದೊಮ್ಮೆ ನಾನು ಮಾಡಿದ ಮಣ್ಣಿನ ತಲೆಯೊಂದನ್ನು ನೋಡಿ ನಮ್ಮ ಆಫೀಸಿನ ಲಿಫ್ಟು ಎರಡು ದಿನ ನಮ್ಮ ಮಹಡಿಯಲ್ಲಿ ನಿಲ್ಲಲೇ ಇಲ್ಲ. ರಿಪೇರಿಗೆ ಬಂದವನು ವೈರು ಸುಟ್ಟಿದೆ ಎಂದ. ವೈರು ಯಾಕೆ ಸುಟ್ಟಿತು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮದು ಕಂಪ್ಯೂಟರ್ ಆಟ ತಯಾರಿಸುವ ಕಂಪನಿ. ಈಗ ತಯಾರಾಗುತ್ತಿರುವ ಆಟದಲ್ಲಿ ಕೋಟೆ, ಕತ್ತಿ, ಕುದುರೆ, ಮಾಟಗಾತಿ, ಎಲ್ಲವೂ ಎಂಟುನೂರು ವರ್ಷ ಹಳೆಯವು. ನಾನು ಅಲ್ಲಿ ಮಣ್ಣಿನ ಕೆಲಸದವನು. ಮೊದಲು ನಾನು ಕೈಯಲ್ಲಿ ಮಣ್ಣಿನ ಮಾದರಿ ಮಾಡುತ್ತೇನೆ. ಆಮೇಲೆ ಅದರ ಸುತ್ತ ನಿಂತು ನೂರಾರು ಫೋಟೋ ತೆಗೆದು ಕಂಪ್ಯೂಟರಿನೊಳಗೆ ಇಳಿಸುತ್ತಾರೆ. ಅಲ್ಲಿ ಅದಕ್ಕೆ ಜೀವ ಬರುತ್ತದೆ. ಜೀವ ಕೊಟ್ಟವನು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ಈ ಸಲ ನನ್ನ ಪಾಲಿಗೆ ಬಂದದ್ದು ಗಾರ್ಗಾಯ್ಲ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ನನಗೂ ಗೊತ್ತಾದದ್ದು ಕೆಲಸ ಒಪ್ಪಿಕೊಂಡ ಮಾರನೇ ದಿನ: ಹಳೇ ಕೋಟೆಗಳ ಮಾಳಿಗೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕತ್ತು ಮುಂದೆ ಚಾಚಿ, ಮೇಲಿನ ಮಳೆನೀರನ್ನೆಲ್ಲ ಬಾಯಿಂದ ಕೆಳಗೆ ಕಕ್ಕುವ ಕಲ್ಲಿನ ಪಿಶಾಚಿ ಅದು. ಆಟದಲ್ಲಿ ವೀರ ಕೋಟೆಯ ಗೋಡೆ ಹತ್ತುತ್ತಾನೆ, ಅಂಚಿಗೆ ಕೈ ಹಾಕುತ್ತಾನೆ. ಆಗ ಆ ಕಲ್ಲು ಮೆಲ್ಲಗೆ ಮುಖ ತಿರುಗಿಸಿ ಅವನನ್ನು ನೋಡುತ್ತದೆ. ಆಟ ಆಡುತ್ತಿರುವವನು ಕಿರುಚಿಕೊಂಡು ಕುರ್ಚಿಯಿಂದ ಬೀಳಬೇಕು. ಕೆಲಸ ಇಷ್ಟೇ.

ಮೂರು ತಿಂಗಳಲ್ಲಿ ಮೂರು ಮಾಡಿದೆ. ಮೂರನ್ನೂ ನಮ್ಮ ಮೇಡಂ ತಿರಸ್ಕರಿಸಿದರು. ಕೊಂಬಿನ ಮೊದಲನೆಯದನ್ನು ನೋಡಿ, “ಹಸಿವಾಗಿದೆಯೇನೋ ಪಾಪ,” ಎಂದರು. ಎರಡನೆಯದಕ್ಕೆ ಅರವತ್ನಾಲ್ಕು ಹಲ್ಲು ಇಟ್ಟಿದ್ದೆ. “ನಗ್ತಾ ಇದೆಯಲ್ಲ,” ಎಂದರು. ಮೂರನೆಯದನ್ನು ನೋಡಿದವರೇ ಕೈ ಚಾಚಿ ಅದರ ಕೆನ್ನೆ ಹಿಂಡಿದರು.

ಪಿಶಾಚಿಯ ಕೆನ್ನೆ! ನನ್ನ ಪಿತ್ತ ನೆತ್ತಿಗೇರಿತು. ನಾನು ಸಿಟ್ಟಾದರೆ ಕಟ್ಟಡದ ಗಾಜು ಬಿರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಗಾಜಿನ ಮೇಲಿನ ಕರುಣೆಯಿಂದ ಸುಮ್ಮನಾದೆ.

“ನೋಡಿ,” ಎಂದರು ಮೇಡಂ. ಅವರು ದನಿ ಏರಿಸುವವರೇ ಅಲ್ಲ, ಅದೇ ಕಷ್ಟ. “ನೀವು ಹಲ್ಲು, ಕೊಂಬು, ನಾಲಿಗೆ ಎಲ್ಲಾ ಅಂಟಿಸ್ತೀರಿ. ಸಿಟ್ಟು ಎಲ್ಲಿದೆ? ನಿಜವಾಗ್ಲೂ ಸಿಟ್ಟು ಬಂದಿರೋ ಮುಖ ಒಂದಾದ್ರೂ ನೋಡಿದೀರಾ ನೀವು? ಹೋಗಿ, ನೋಡ್ಕೊಂಡು ಬನ್ನಿ. ಸೋಮವಾರ ನಾಲ್ಕನೇದು ತನ್ನಿ. ಅದೂ ಮುದ್ದಾಗಿದ್ರೆ ನಿಮ್ಮನ್ನ ಮಕ್ಕಳ ವಿಭಾಗಕ್ಕೆ ಹಾಕ್ತೀನಿ. ಒಂದು ಎರಡು ಎಣಿಸೋದು ಕಲಿಸೋ ಆಟ ಮಾಡ್ತಿದಾರೆ, ಅವರಿಗೆ ಮೂಲಂಗಿ ಬೇಕಂತೆ.”

“ಮೂಲಂಗಿನಾ?”

“ರೆಪ್ಪೆ ಇರೋ ಮೂಲಂಗಿ. ಕಣ್ಣು ಮಿಟುಕಿಸ್ಬೇಕು.”

ಭೂಮಿಯನ್ನು ನಡುಗಿಸಬೇಕಾದ ಈ ಹತ್ತು ಬೆರಳುಗಳು ಮೂಲಂಗಿಗೆ ರೆಪ್ಪೆ ಅಂಟಿಸಬೇಕಂತೆ! ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಡಿಯುತ್ತಾ ಬಂದೆ. ಪಕ್ಕದಲ್ಲಿದ್ದವರು ಹಲ್ಲುನೋವೇ ಎಂದು ಕೇಳಿ ಲವಂಗ ಕೊಟ್ಟರು.

ಮನೆಗೆ ಬಂದು ಹೆಂಡತಿಗೆ ವಿಷಯ ಹೇಳಿದೆ. “ಸಿಟ್ಟಿನ ಮೋರೆ ನೋಡ್ಬೇಕಂತೆ. ನಾನು ಎಲ್ಲಿ ಅಂತ ಹುಡುಕ್ಲಿ?”

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. “ಹದಿನಾಲ್ಕು ವರ್ಷದಿಂದ ಇದೇ ಮನೇಲಿದೀರಲ್ಲ, ಒಂದು ಸಲಾನೂ ಕಾಣ್ಲಿಲ್ವಾ?”

“ನೀನು ಸಿಟ್ಟಾದಾಗೆಲ್ಲ ನಾನು ನೆಲ ನೋಡ್ತಿರ್ತೀನಿ ಕಣೇ.”

ಇದು ಸತ್ಯ. ನಮ್ಮ ಮನೆಯ ನೆಲದ ಒಂದೊಂದು ಬಿರುಕೂ ನನಗೆ ಬಾಯಿಪಾಠ. ಈಗಲೂ ಅಭ್ಯಾಸಬಲದಿಂದ ನೆಲ ನೋಡಿದೆ. ಹೊಸ ಬಿರುಕೊಂದು ಬಿಟ್ಟಿತ್ತು.

ಅಲ್ಲೇ ನನಗೆ ಮಹತ್ತರವಾದ ಉಪಾಯ ಹೊಳೆಯಿತು. ನಮ್ಮ ಕಟ್ಟಡದಲ್ಲಿ ಇಪ್ಪತ್ತೆರಡು ಮನೆಗಳು. ಇಪ್ಪತ್ತೆರಡು ಮನೆಯಲ್ಲಿ ಒಂದಾದರೂ ಭಯಂಕರ ಮುಖ ಇರಲೇಬೇಕು. ಕಾಗದ ತೆಗೆದುಕೊಂಡು ಹೀಗೆ ಬರೆದು ಕೆಳಗಿನ ನೋಟೀಸ್ ಬೋರ್ಡಿಗೆ ಹಚ್ಚಿದೆ:

“ನಿವಾಸಿಗಳ ಗಮನಕ್ಕೆ. ನಮ್ಮ ಕಟ್ಟಡದಲ್ಲಿರುವ ಅತ್ಯಂತ ಭಯಂಕರವಾದ ಮೋರೆಗಳನ್ನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮನೆಮನೆಗೆ ಬಂದು ತಪಾಸಣೆ ಮಾಡಿ, ಅಳತೆ ತೆಗೆದುಕೊಳ್ಳಲಾಗುವುದು. ಎಲ್ಲರೂ ಸಹಕರಿಸಬೇಕು. ಇಂತಿ, ಮೂರನೇ ಮಹಡಿ.”

ನನ್ನ ಅಕ್ಷರದ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ: ಅದು ಬರವಣಿಗೆಯಲ್ಲ, ಬಳ್ಳಿ. ‘ರೆ’ ಅಕ್ಷರದ ಏತ್ವವನ್ನು ಎಂಥ ಬಳುಕಿನಲ್ಲಿ ಎಳೆದೆನೆಂದರೆ, ಅದು ತಲೆಯ ಮೇಲೆ ಒಂದು ಸುತ್ತು ಸುತ್ತಿ ಥೇಟ್ ಗುಡಿಸಿನ ಹಾಗೆ ಕೂತಿತು. ನಾನು ಬರೆದದ್ದು ಮೋರೆ. ಕಟ್ಟಡ ಓದಿದ್ದು ಮೋರಿ. ಇದು ನನಗೆ ತಿಳಿದದ್ದು ಭಾನುವಾರ ಹನ್ನೊಂದೂವರೆಗೆ. ನಿಮಗೆ ಈಗಲೇ ಹೇಳಿಬಿಡುತ್ತಿದ್ದೇನೆ, ನಾನು ಉದಾರಿ.

ಇನ್ನೊಂದು ವಿಷಯವೂ ನನಗೆ ಆಗ ತಿಳಿದಿರಲಿಲ್ಲ. ಮೂರು ತಿಂಗಳಿಂದ ಕಟ್ಟಡದ ಮೋರಿ ಕಟ್ಟಿಕೊಂಡಿತ್ತು. ನಾವಿರುವುದು ಮೂರನೇ ಮಹಡಿ, ನಾವು ಸುರಿದ ನೀರು ಸಲೀಸಾಗಿ ಕೆಳಗೆ ಹೋಗುತ್ತಿತ್ತು. ಕೆಳಗಿನವರ ಬಚ್ಚಲಲ್ಲಿ ಅದು ಮೇಲಕ್ಕೆ ಬರುತ್ತಿತ್ತು. ಕಟ್ಟಡದ ಸಂಘದ ಸೆಕ್ರೆಟರಿಗೆ ಜನ ಹೇಳಿ ಹೇಳಿ ಸುಸ್ತಾಗಿದ್ದರು. ಆತ ಪ್ರತಿಸಲವೂ “ಮೇಲಕ್ಕೆ ಬರೆದಿದೀನಿ,” ಎನ್ನುತ್ತಿದ್ದ. ನೀರೂ ಮೇಲಕ್ಕೇ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಟೇಪು, ಪೆನ್ಸಿಲು, ಚಿತ್ರದ ಪುಸ್ತಕ ಹಿಡಿದು ಹೊರಟೆ. ಮೊದಲ ಬಾಗಿಲು ನೆಲಮಹಡಿಯ ನಿವೃತ್ತ ಮೇಷ್ಟ್ರದು. ಬಾಗಿಲು ತೆರೆದವರೇ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡರು.

“ಬನ್ನಿ, ಬನ್ನಿ! ಈ ಕಟ್ಟಡದಲ್ಲಿ ಒಬ್ರಿಗಾದ್ರೂ ಜವಾಬ್ದಾರಿ ಬಂತಲ್ಲ! ನೀವು ಬೇರೆ ಯಾವ ಮನೆಗೂ ಹೋಗೋದೇ ಬೇಡ. ನಮ್ಮದೇ ಎಲ್ಲಕ್ಕಿಂತ ಭಯಂಕರ.”

ನಾನು ಅವರನ್ನು ನೋಡಿದೆ. ಬೋಳುತಲೆ, ದಪ್ಪ ಕನ್ನಡಕ, ಬೆಣ್ಣೆಯಂಥ ಕೆನ್ನೆ. “ಮೇಷ್ಟ್ರೇ, ತಪ್ಪು ತಿಳೀಬೇಡಿ. ನೋಡೋಕೆ ಅಷ್ಟೇನೂ ಅನ್ಸಲ್ಲ.”

“ಈಗ ಹಾಗೆ ಕಾಣುತ್ತೆ. ಬೆಳಿಗ್ಗೆ ಎದ್ದ ತಕ್ಷಣ ನೋಡ್ಬೇಕು. ನಮ್ಮನೆಯವಳು ಮೂಗು ಮುಚ್ಕೊಂಡು ಓಡ್ತಾಳೆ.”

“ವಾಸನೆನೂ ಬರುತ್ತಾ?”

“ವಾಸನೆ ಬಿಡಿ, ಅದಕ್ಕೆ ಒಗ್ಗಿಹೋಗಿದೀವಿ. ಮೇಲಿನವರು ಯಾರಾದ್ರೂ ಸ್ನಾನ ಮಾಡಿದ್ರೆ ಸಾಕು, ಗುಳುಗುಳು ಅಂತ ಸದ್ದು ಮಾಡಿ ನೊರೆ ಕಕ್ಕುತ್ತೆ.”

ನನ್ನ ರೋಮ ನಿಮಿರಿತು. ಇಂಥ ಸಾಧು ಮನುಷ್ಯನೊಳಗೆ ಸಾಕ್ಷಾತ್ ಗಾರ್ಗಾಯ್ಲ್! “ಎಷ್ಟು ದಿನದಿಂದ ಹೀಗೆ?”

“ಮೂರು ತಿಂಗಳಾಯ್ತು ಸ್ವಾಮಿ! ಕೋಲು ಹಾಕಿ ತಿವಿದೆ, ಕುದಿಯೋ ನೀರು ಸುರಿದೆ, ಕೊನೆಗೆ ಆಸಿಡ್ಡೂ ಹಾಕಿದೆ.”

“ಆಸಿಡ್ಡಾ! ಡಾಕ್ಟ್ರಿಗೆ ತೋರಿಸ್ಬಾರ್ದಾ?”

“ಯಾವ ಡಾಕ್ಟ್ರು ಬರ್ತಾನ್ರೀ ಇದಕ್ಕೆ? ಬನ್ನಿ, ಬಗ್ಗಿ ನೋಡಿ.”

“ಬಗ್ಗೋದು ಯಾಕೆ, ಇಲ್ಲಿಂದಲೇ ಕಾಣ್ತಿದೆಯಲ್ಲ,” ಎಂದು ಟೇಪು ತೆಗೆದು ಅವರ ಕಿವಿಯಿಂದ ಕಿವಿಗೆ ಅಳತೆ ತೆಗೆದುಕೊಂಡೆ.

“ನನ್ನ ತಲೆ ಯಾಕೆ ಅಳೀತಿದೀರಿ?”

“ಅದಿಲ್ದೆ ಆಗುತ್ತಾ ಮೇಷ್ಟ್ರೇ!”

ಅವರು ಸ್ವಲ್ಪ ಯೋಚಿಸಿ, “ಓ! ಮನುಷ್ಯ ಒಳಗೆ ಇಳಿಯೋಕೆ ಎಷ್ಟು ಜಾಗ ಬೇಕು ಅಂತಲಾ? ಶಿಸ್ತು ಅಂದ್ರೆ ಇದು ಕಣ್ರೀ!” ಎಂದು ಗಲ್ಲವನ್ನೂ ಎತ್ತಿಕೊಟ್ಟರು. ಅವರು ಏನು ಹೇಳಿದರೆಂದು ನನಗೆ ಅರ್ಥವಾಗಲಿಲ್ಲ. ನನ್ನನ್ನು ಹೊಗಳುವ ಮಾತನ್ನು ನಾನು ಅರ್ಥ ಕೇಳಿ ಕೆಡಿಸುವುದಿಲ್ಲ.

ಹೀಗೇ ಹತ್ತು ಮನೆ ಮುಗಿಸಿದೆ. ಎಲ್ಲರೂ ತಮ್ಮದೇ ಭಯಂಕರ ಎಂದು ಕೈ ಹಿಡಿದು ಎಳೆದರು. ಒಬ್ಬರಂತೂ ತಮ್ಮದರೊಳಗಿಂದ ಹೋದ ವಾರ ಇಲಿ ಬಂತು ಎಂದರು. ಅಷ್ಟು ಜನರಲ್ಲಿ ನಿಜವಾಗಿ ಹೆದರಿಸುವ ಮುಖ ಒಂದೂ ಇರಲಿಲ್ಲ. ನನ್ನನ್ನು ಕಂಡ ಸಂತೋಷಕ್ಕೆ ಎಲ್ಲ ಮುಖಗಳೂ ಅರಳಿ ಕೂತಿದ್ದವು. ಚಿತ್ರದ ಪುಸ್ತಕದ ತುಂಬ ಹಲ್ಲುಕಿರಿಯುವ ನೆರೆಹೊರೆ. ನನಗೆ ಮೈಯೆಲ್ಲ ಉರಿಯಿತು.

ಮೊದಲ ಮಹಡಿಯಲ್ಲಿ ಬಟ್ಟೆ ಹೊಲಿಯುವಾಕೆಯ ಮನೆ. ಎಲ್ಲರೂ ಆಕೆಯನ್ನು ಟೈಲರಕ್ಕ ಎನ್ನುತ್ತಾರೆ. ನಾನು ಬಂದ ವಿಷಯ ಕೇಳಿ ಮೆಷಿನ್ನು ನಿಲ್ಲಿಸಿದಳು.

“ನಮ್ದೇನೂ ಅಷ್ಟಿಲ್ಲಣ್ಣ. ಅತ್ತೇದು ಮಾತ್ರ ಕಣ್ಣಲ್ಲಿ ನೋಡೋಕಾಗಲ್ಲ.”

“ಮೆಲ್ಲಗೆ ಅಕ್ಕ, ಕೇಳಿಸ್ಕೊಂಡಾರು!”

“ಕೇಳಿಸ್ಕೊಳ್ಳಲಿ ಬಿಡಿ. ಅವರೇ ದಿನಾ ಹೇಳ್ತಾರೆ, ಕೊಳೆತು ನಾರ್ತಿದೆ, ಒಡೆದು ಹೊಸದು ಹಾಕಿಸೋಣ ಅಂತ. ಬಚ್ಚಲಲ್ಲಿದೆ, ಹೋಗಿ ನೋಡಿ.”

ನಾನು ಎರಡು ಹೆಜ್ಜೆ ಹಿಂದೆ ಸರಿದೆ. “ಅವರ ಸ್ನಾನ ಆಗ್ಲಿ ಅಕ್ಕ. ಆಮೇಲೆ ಬರ್ತೀನಿ.”

“ಆಮೇಲೆ ಬಂದು ಏನು ನೋಡ್ತೀರಾ? ಸ್ನಾನ ಮಾಡುವಾಗ್ಲೇ ನೋಡ್ಬೇಕು. ಆಗಲೇ ಅದು ಉಕ್ಕೋದು.”

ನಾನು ಮರ್ಯಾದಸ್ಥ. ಕಿವಿ ಕೆಂಪಾಗಿ, ಹೊರಗೆ ಓಡಲು ತಿರುಗಿದೆ. ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆದು ಒದ್ದೆ ತಲೆಗೆ ಟವೆಲು ಸುತ್ತಿಕೊಂಡ ಅತ್ತೆ ಹೊರಗೆ ಬಂದರು.

“ಅತ್ತೆ, ನಿಮ್ದನ್ನ ನೋಡೋಕೆ ಬಂದಿದಾರೆ,” ಎಂದಳು ಸೊಸೆ.

“ನಂದು ಏನನ್ನ?”

“ಮೋರೆ, ಅಮ್ಮ,” ಎಂದೆ ನಾನು, ಸ್ಪಷ್ಟವಾಗಿ. “ಇಡೀ ಮಹಡಿಗೆ ನಿಮ್ಮದೇ ಭಯಂಕರ ಅಂತ ನಿಮ್ಮ ಸೊಸೆ ಹೇಳಿದ್ರು.”

ಆವತ್ತು ಇಡೀ ಕಟ್ಟಡದಲ್ಲಿ ‘ರೆ’ಯನ್ನು ‘ರೆ’ ಎಂದೇ ಕೇಳಿಸಿಕೊಂಡ ಕಿವಿಗಳು ಅವೆರಡೇ. ಮುದುಕಿ ಸೊಸೆಯ ಕಡೆ ತಿರುಗಿದರು. “ಏನಂದೆ? ನನ್ನ ಮೋರೆ ಕೊಳೆತು ನಾರ್ತಿದೆಯಾ? ಒಡೆದು ಹೊಸದು ಹಾಕಿಸ್ತೀಯಾ?”

ಕುಟುಂಬದ ವಿಷಯದಲ್ಲಿ ತಲೆ ಹಾಕುವುದು ನನ್ನ ಜಾಯಮಾನವಲ್ಲ. ಸೊಸೆ ಉತ್ತರ ಕೊಡುವ ಮೊದಲೇ ನಾನು ಮೆಟ್ಟಿಲ ಮೇಲಿದ್ದೆ. ನನ್ನ ಹಿಂದೆಯೇ ಒಂದು ಸ್ಟೀಲ್ ಚೊಂಬು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂತು.

ಕೆಳಗೆ ಅಂಗಳದಲ್ಲಿ ಜನ ಸೇರಿದ್ದರು. ನಡುವೆ ಸೆಕ್ರೆಟರಿ ಕೆಂಡಾಮಂಡಲವಾಗಿ ನಿಂತಿದ್ದ. ಅವನ ಪಕ್ಕದಲ್ಲಿ ನಗರಪಾಲಿಕೆಯ ಹೆಲ್ತ್ ಇನ್‌ಸ್ಪೆಕ್ಟರು ಇನ್ನೂ ಕೆಂಪಾಗಿ ನಿಂತಿದ್ದರು.

“ಏನ್ರೀ!” ಎಂದ ಸೆಕ್ರೆಟರಿ. “ಮೂರು ತಿಂಗಳಿಂದ ನಾನು ಕೈ ಹಚ್ಚದೆ ಜೋಪಾನವಾಗಿ ಇಟ್ಟಿರೋ ಕೆಲಸಾನ ಒಂದು ಬೆಳಿಗ್ಗೆಯಲ್ಲಿ ಮುಗಿಸೋಕೆ ನೀವು ಯಾರ್ರೀ?”

“ಭಾನುವಾರ!” ಎಂದರು ಇನ್‌ಸ್ಪೆಕ್ಟರು. “ಭಾನುವಾರ ನನ್ನ ಮನೆಯಿಂದ ಎಬ್ಬಿಸ್ಕೊಂಡು ಬಂದಿದಾರೆ! ಯಾರ ಪರ್ಮಿಷನ್ ತಗೊಂಡು ತಪಾಸಣೆ ಮಾಡ್ತಿದೀರಿ?”

ನನಗೂ ರೇಗಿತು. “ನೋಡೋಕೆ ಪರ್ಮಿಷನ್ ಯಾಕೆ ಸಾರ್? ಕಣ್ಣು ನಂದು. ಅವರವರದ್ದು ಅವರವರೇ ಹೊತ್ಕೊಂಡು ಓಡಾಡ್ತಾರೆ.”

“ಹೊತ್ಕೊಂಡು ಓಡಾಡ್ತಾರಾ?” ಇನ್‌ಸ್ಪೆಕ್ಟರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. “ಎಷ್ಟು ನೋಡಿದ್ರಿ?”

“ಹನ್ನೆರಡು. ಒಂದೂ ಕೆಲಸಕ್ಕೆ ಬರಲ್ಲ. ಆದ್ರೆ ನಿಮ್ದು ಪರವಾಗಿಲ್ಲ ಸಾರ್. ಒಳ್ಳೆ ಅಗಲ ಇದೆ. ಅಂಚು ಒರಟಾಗಿದೆ. ಬಾಯಿ ಸ್ವಲ್ಪ ದೊಡ್ಡದು ಮಾಡಿದ್ರೆ ಎಂಥ ಮಳೆ ಬಂದ್ರೂ ತಡ್ಕೊಳ್ಳುತ್ತೆ.”

“ನಮ್ಮನೆಗೆ ಯಾವಾಗ ಹೋಗಿದ್ರಿ ನೀವು?”

“ಮನೆಗೆ ಯಾಕೆ? ಇಲ್ಲೇ ಕಾಣ್ತಿದೆಯಲ್ಲ.”

ಇನ್‌ಸ್ಪೆಕ್ಟರು ಗಾಬರಿಯಿಂದ ತಮ್ಮ ಕಾಲ ಕೆಳಗೆ ನೋಡಿಕೊಂಡರು. ಜನ ಮುನ್ನುಗ್ಗಿದರು. “ಅವರ ಮಾತು ಬಿಡಿ! ನಮ್ದು ಯಾವಾಗ ಮಾಡ್ತೀರಿ, ಅದು ಹೇಳಿ!”

ನಾನು ಎದೆಯುಬ್ಬಿಸಿ ಹೇಳಿದೆ, “ನಾಳೆ ಬೆಳಿಗ್ಗೆಯೊಳಗೆ ಆಗ್ಲೇಬೇಕು. ಇಲ್ಲದಿದ್ರೆ ನನ್ನ ಮಾನ ಹೋಗುತ್ತೆ. ನೋಡ್ತಿರಿ, ನೀರು ಧೋ ಅಂತ ಸುರಿಯುತ್ತೆ!”

ಚಪ್ಪಾಳೆ ಬಿತ್ತು. ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡರು. ಜೀವನದಲ್ಲಿ ನನಗೆ ಸಿಕ್ಕ ಮೊದಲ ಚಪ್ಪಾಳೆ ಅದು, ಹನ್ನೊಂದು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ. ಎರಡು ನಿಮಿಷ ಇತ್ತು.

ಟೈಲರಕ್ಕನ ಅತ್ತೆ ಟವೆಲು ಸುತ್ತಿದ ತಲೆಯಲ್ಲೇ ಇಳಿದು ಬಂದರು. ಕೈಯಲ್ಲಿ ಬೋರ್ಡಿನಿಂದ ಕಿತ್ತ ನನ್ನ ಚೀಟಿ. “ಮೇಷ್ಟ್ರೇ, ಓದಿ ಇದನ್ನ. ಎಲ್ಲರಿಗೂ ಕೇಳೋ ಹಾಗೆ ಓದಿ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಅತ್ಯಂತ ಭಯಂಕರವಾದ ಮೋರಿ... ತಾಳಿ. ಇದು ಗುಡಿಸಲ್ಲ. ಏತ್ವ.” ಬೆರಳಿಟ್ಟು ಇನ್ನೊಮ್ಮೆ ನೋಡಿದರು. “ರ-ಕಾರಕ್ಕೆ ಏತ್ವ ಕೊಟ್ಟರೆ ರೆ. ಮೋರೆ. ಭಯಂಕರವಾದ ಮೋರೆಗಳನ್ನು...” ನಲವತ್ತು ವರ್ಷ ಕಾಗುಣಿತ ಕಲಿಸಿದ ಮನುಷ್ಯ ಮೆಲ್ಲಗೆ ತಲೆ ಎತ್ತಿದರು. “ಅಂದ್ರೆ ನೀವು ನನ್ನ ತಲೆ ಅಳೆದದ್ದು...”

“ಕಲೆಗೋಸ್ಕರ,” ಎಂದೆ. ಆ ಕ್ಷಣದಲ್ಲಿ ಅದಕ್ಕಿಂತ ಒಳ್ಳೆಯ ಮಾತು ಯಾರಿಗೂ ಹೊಳೆಯುತ್ತಿರಲಿಲ್ಲ.

“ಮೋರೆನೋ ಮೋರಿನೋ ನಂಗೆ ಗೊತ್ತಿಲ್ಲ!” ಎಂದು ಗುಡುಗಿದರು ಇನ್‌ಸ್ಪೆಕ್ಟರು. “ತಪಾಸಣೆ ಅಂತ ಚೀಟಿ ಹಾಕಿದೋರು ನೀವು. ಮೋರಿ ಗುಂಡಿ ಚಪ್ಪಡಿ ಎತ್ರಿ. ಇಳೀರಿ.”

ಇಳಿದೆ. ಎದೆಮಟ್ಟದ ಗುಂಡಿ. ಕಬ್ಬಿಣದ ಕಂಬಿ ಹಾಕಿ ತಿವಿದು, ಬಕೆಟ್ಟಿನಲ್ಲಿ ಬಗೆದು ಬಗೆದು ಮೇಲೆ ಕೊಟ್ಟೆ. ಕಸ ಬರಲಿಲ್ಲ, ಕೂದಲು ಬರಲಿಲ್ಲ. ಬಂದದ್ದು ಮಣ್ಣು. ನಯವಾದ, ಬೂದುಬಣ್ಣದ, ಚೆನ್ನಾಗಿ ಸೋಸಿದ ಮಣ್ಣು. ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ಮೂರನೇ ಬಕೆಟ್ಟಿನಲ್ಲಿ ಏನೋ ಬೆಳ್ಳಗೆ ಮಿನುಗಿತು.

“ಇದೇನ್ರೀ?” ಎಂದ ಸೆಕ್ರೆಟರಿ, ಅದನ್ನು ಎತ್ತಿ ಹಿಡಿದು. “ಹಲ್ಲು! ಯಾರದೋ ಹಲ್ಲು! ಎಷ್ಟೊಂದಿವೆ!”

“ಅರವತ್ನಾಲ್ಕು,” ಎಂದುಬಿಟ್ಟೆ ಬಾಯಿ ತಪ್ಪಿ.

ಆಫೀಸಿಗೆ ಒಯ್ಯುವ ಮೊದಲು ಪ್ರತಿಯೊಂದನ್ನೂ ನಾನು ಮನೆಯಲ್ಲಿ ಮಾಡಿ ನೋಡುತ್ತಿದ್ದೆ. ಸರಿಬರದ ಮಣ್ಣನ್ನು ನೀರಲ್ಲಿ ಕಲಸಿ ಬಚ್ಚಲಿಗೆ ಸುರಿಯುತ್ತಿದ್ದೆ. ದಿನಕ್ಕೊಂದು ಬಕೆಟ್, ಮೂರು ತಿಂಗಳು. ಹಲ್ಲು ಮಾತ್ರ ಪ್ಲಾಸ್ಟರಿನದು, ಕರಗಿರಲಿಲ್ಲ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎನ್ನುವಿರಾ? ನೀವು ಕೇಳಲಿಲ್ಲ.

ಕತ್ತೆತ್ತಿ ನೋಡಿದೆ. ಗುಂಡಿಯ ಅಂಚಿನ ಸುತ್ತ, ಕುಕ್ಕರುಗಾಲಲ್ಲಿ ಕೂತು, ಕತ್ತು ಮುಂದೆ ಚಾಚಿ, ಇಪ್ಪತ್ತೆರಡು ಮನೆಯ ಮುಖಗಳು ನನ್ನನ್ನೇ ನೋಡುತ್ತಿದ್ದವು. ಯಾರ ಹುಬ್ಬೂ ಗಂಟಿಕ್ಕಿರಲಿಲ್ಲ, ಯಾರೂ ಹಲ್ಲು ಕಡಿಯುತ್ತಿರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ. ಮೂರು ತಿಂಗಳ ಮಾತೆಲ್ಲ ಒಟ್ಟಿಗೆ ನುಗ್ಗಿ ಗಂಟಲಲ್ಲಿ ಕಟ್ಟಿಕೊಂಡಿತ್ತು. ನಾನು ಇಷ್ಟು ದಿನ ಸಿಟ್ಟನ್ನು ಹುಬ್ಬಿನಲ್ಲಿ ಹುಡುಕುತ್ತಿದ್ದೆ. ಅದು ಇದ್ದದ್ದು ಗಂಟಲಲ್ಲಿ. ನಾನು ಹಿಂದೆ ಸರಿದು ಗುಂಡಿಯ ಗೋಡೆಗೆ ಅಂಟಿಕೊಂಡೆ. ಕೆಸರಲ್ಲಿ ಕಾಲು ಜಾರಿತು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ.

“ಹಾಗೇ ಇರಿ!” ಎಂದು ಕೂಗಿದೆ. “ಯಾರೂ ಅಲ್ಲಾಡ್ಬೇಡಿ!” ಬಕೆಟ್ಟಿನ ಮಣ್ಣನ್ನು ಚಪ್ಪಡಿಯ ಮೇಲೆ ಬಡಿದು, ಗುಂಡಿಯಲ್ಲಿ ನಿಂತೇ ಮಾಡಲು ಶುರುಮಾಡಿದೆ.

ಆಗ ಒಡೆಯಿತು ಕಟ್ಟೆ.

“ನಾಚಿಕೆ ಇದೆಯಾ ನಿಮ್ಗೆ? ಮೂರು ತಿಂಗಳಿಂದ ನಮ್ಮನೆಯವಳು ಸ್ನಾನಕ್ಕೆ ತಂಗಿ ಮನೆಗೆ ಹೋಗ್ತಿದಾಳೆ!” ಮೇಷ್ಟ್ರು ಗದರಿದರು.

“ಕೆಳದವಡೆ ಹಾಗೇ ಇರ್ಲಿ ಮೇಷ್ಟ್ರೇ!”

“ಗಿರಾಕಿಗಳ ಬಟ್ಟೆ ಇಟ್ಟಿದ್ದ ಕೋಣೆಗೆ ನೀರು ನುಗ್ಗಿತು ಕಣಯ್ಯಾ! ಹೊಲಿದದ್ದೆಲ್ಲ ಬಿಚ್ಚಿ ಒಗೆದು ಮತ್ತೆ ಹೊಲಿದೆ! ಎಲ್ಲರ ಹತ್ರ ಬೈಸ್ಕೊಂಡೆ!” ಇದು ಟೈಲರಕ್ಕ. ಬೆಳಿಗ್ಗೆ ಅಣ್ಣನಾಗಿದ್ದವನು ಈಗ ಕಣಯ್ಯ ಆಗಿದ್ದೆ.

“ಕಣ್ಣು, ಕಣ್ಣು ಅದ್ಭುತ! ಇನ್ನೊಂದು ಸಲ ಬೈಯಕ್ಕ!”

ಆಕೆ ಬೈದಳು. ಎಲ್ಲರೂ ಬೈದರು. ಮೂರನೇ ಮಹಡಿಯ ಬಾಲ್ಕನಿಯಿಂದ ನನ್ನ ಹೆಂಡತಿಯೂ ಬೈದಳು, ದೂರ ಹೆಚ್ಚಾದ್ದರಿಂದ ಪೂರ್ತಿ ಕೇಳಿಸಲಿಲ್ಲ. ಸೆಕ್ರೆಟರಿಯೂ ಬೈಯಲು ಬಾಯಿ ತೆರೆದ. “ನೀನು ಮುಚ್ಚು!” ಎಂದು ಇಡೀ ಅಂಗಳ ಅವನ ಕಡೆ ತಿರುಗಿತು. “ಮೇಲಕ್ಕೆ ಬರೆದಿದ್ಯಲ್ಲ, ಎಲ್ಲಿ ತೋರ್ಸು ಕಾಗದ!” ಇನ್‌ಸ್ಪೆಕ್ಟರು ಮೆಲ್ಲಗೆ ಗೇಟಿನ ಕಡೆ ಜರುಗುತ್ತಿದ್ದರು, ಅವರಿಗೂ ಬಿತ್ತು.

ಅತ್ತೆ ಮಾತ್ರ ಬೈಯಲಿಲ್ಲ. ಸೊಂಟ ಬಗ್ಗಿಸಿ ಮಣ್ಣಿನ ಮುಖವನ್ನು ತುಂಬ ಹೊತ್ತು ನೋಡಿದರು. “ನಾನು ಆ ನೀರಲ್ಲಿ ಎರಡು ಸಲ ಜಾರಿ ಬಿದ್ದೆ,” ಎಂದರು ಸಣ್ಣ ದನಿಯಲ್ಲಿ. “ಯಾರಿಗೂ ಹೇಳ್ಲಿಲ್ಲ. ಬೈಯೋಕೆ ಮುಂಚೆ ಕೆಳತುಟಿ ಹೀಗೆ ಒಳಗೆ ಹೋಗುತ್ತೆ. ನೋಡು. ನೀನು ಮಾಡಿರೋದು ತಪ್ಪು.”

ನೋಡಿದೆ. ತಿದ್ದಿದೆ. ಅವರು ಹೇಳಿದ್ದೇ ಸರಿ ಇತ್ತು. ಅಷ್ಟು ಹೊತ್ತಿಗೆ ನನ್ನ ಕಾಲ ಕೆಳಗೆ ಗುಳುಗುಳು ಎಂದು ಸದ್ದಾಗಿ, ಮೂರು ತಿಂಗಳ ನೀರು ಒಂದೇ ಉಸಿರಿಗೆ ಹರಿದುಹೋಯಿತು. ಯಾರೂ ಅತ್ತ ನೋಡಲಿಲ್ಲ.

ಸೋಮವಾರ ಬಸ್ಸಿನಲ್ಲಿ ನನಗೂ ನನ್ನ ಮಡಿಲ ಮೇಲಿದ್ದ ಪಿಶಾಚಿಗೂ ಒಟ್ಟು ಆರು ಸೀಟು ಸಿಕ್ಕವು. ವಾಸನೆಗೆ ಎಲ್ಲರೂ ಎದ್ದುಹೋಗಿದ್ದರು. ಮೇಡಂ ಮೇಜಿನ ಮೇಲೆ ಇಟ್ಟು ಬಟ್ಟೆ ಸರಿಸಿದೆ. ಕೆನ್ನೆಯ ಕಡೆ ಚಾಚಿದ ಅವರ ಕೈ ಅರ್ಧದಲ್ಲೇ ನಿಂತು ಹಿಂದಕ್ಕೆ ಹೋಯಿತು.

“ಏನೋ ಹೇಳೋಕೆ ಹೊರಟಿದೆ ಇದು,” ಎಂದರು. “ಏನು?”

“‘ಮೂರು ತಿಂಗಳಾಯ್ತು ಸ್ವಾಮಿ’ ಅಂತ ಮೇಡಂ.”

ಅವರು ಬಟ್ಟೆಯನ್ನು ಮತ್ತೆ ಅದರ ಮೇಲೆ ಎಳೆದರು. “ನೋಡೋಣ. ಗುರುವಾರ ಆಡಿಸಿ ನೋಡೋಣ. ಆಡೋನು ಕಿರುಚಿದ್ರೆ ಇದು ಉಳಿಯುತ್ತೆ. ಇಲ್ಲ ಅಂದ್ರೆ ಮೂಲಂಗಿ.”

ಗುರುವಾರ ಆಟ ಪರೀಕ್ಷೆ ಮಾಡುವವನನ್ನು ಕೂರಿಸಿದರು. ಅವನು ಇದುವರೆಗೆ ನಾನೂರು ಡ್ರ್ಯಾಗನ್ ಕೊಂದವನು, ಕೊಲ್ಲುವಾಗ ಆಕಳಿಸುತ್ತಾನೆ. ನಾವೆಲ್ಲ ಹಿಂದೆ ನಿಂತೆವು. ಗೋಡೆ ಹತ್ತಿದ. ಅಂಚಿಗೆ ಕೈ ಹಾಕಿದ. ಕಲ್ಲಿನ ಮುಖ ಮೆಲ್ಲಗೆ ತಿರುಗಿ ಅವನನ್ನು ನೋಡಿತು.

ಅವನು ಕಿರುಚಲಿಲ್ಲ. ಕುರ್ಚಿಯಿಂದ ಬೀಳಲಿಲ್ಲ. “ತಪ್ಪಾಯ್ತು,” ಎಂದ, ಸಣ್ಣಗೆ. ವೀರನನ್ನು ಗೋಡೆಯಿಂದ ಜೋಪಾನವಾಗಿ ಕೆಳಗಿಳಿಸಿ, ಕತ್ತಿಯನ್ನು ನೆಲದ ಮೇಲಿಟ್ಟು, ತನ್ನ ಬ್ಯಾಗು ಹೆಗಲಿಗೇರಿಸಿಕೊಂಡು ಮನೆಗೆ ಹೋದ.

ಎರಡನೆಯವಳೂ ಹಾಗೇ. ಮೂರನೆಯವನು ಕೋಟೆಯ ಹತ್ತಿರವೇ ಹೋಗಲೊಲ್ಲ.

“ಯಾರೂ ಕಿರುಚ್ತಿಲ್ಲ!” ಎಂದರು ಮೇಡಂ. ಅವರ ದನಿ ಏರಿದ್ದನ್ನು ಅಂದೇ ಮೊದಲು ಕೇಳಿದ್ದು. “ಆಟ ಮುಂದಕ್ಕೇ ಹೋಗ್ತಿಲ್ಲ! ಎಂಥದ್ದು ಮಾಡಿ ತಂದಿದೀರಿ?”

ಗಲಾಟೆ ಕೇಳಿ ಕಂಪನಿಯ ಯಜಮಾನರೇ ಬಂದರು. “ಸರೀರಿ, ನಾನು ಆಡ್ತೀನಿ. ಕಲ್ಲಿಗೆ ಹೆದರೋರೆಲ್ಲ ಈ ಕೆಲಸಕ್ಕೆ ಯಾಕೆ ಬರ್ತೀರಿ!” ಎಂದು ಅಬ್ಬರಿಸಿ ಕುರ್ಚಿ ಎಳೆದುಕೊಂಡರು. ಹತ್ತಿದರು. ಕೈ ಹಾಕಿದರು. ಮುಖ ತಿರುಗಿತು. ಯಜಮಾನರು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮೇಡಂ ನನ್ನ ಕಡೆ ನೋಡಿ ತುಟಿಯಲ್ಲೇ ‘ಮೂಲಂಗಿ’ ಎಂದರು.

“ಆ ಹುಡುಗಿ,” ಎಂದರು ಯಜಮಾನರು ಕೊನೆಗೆ, ತಿರುಗದೆ. “ಈಗ ಆಡಿದಳಲ್ಲ, ಅವಳದೊಂದು ರಜೆ ಅರ್ಜಿ ನನ್ನ ಮೇಜಿನ ಮೇಲೆ ಬಿದ್ದಿತ್ತು. ಎಷ್ಟು ದಿನ ಆಯ್ತು?”

“ಎರಡು ತಿಂಗಳು ಸಾರ್,” ಎಂದರು ಮೇಡಂ.

“ತಗೊಂಡು ಬನ್ನಿ. ಬಾಕಿ ಇರೋದು ಎಲ್ಲಾ ತಗೊಂಡು ಬನ್ನಿ.” ಎದ್ದರು. ಬಾಗಿಲ ಹತ್ತಿರ ನಿಂತು, “ಇದು ಹೀಗೇ ಇರ್ಲಿ. ಇನ್ನೊಂದು ಬಾಗಿಲು ಮಾಡಿ, ಆಡೋರು ಆ ಕಡೆಯಿಂದ ಹೋಗ್ಲಿ,” ಎಂದರು.

ಹೀಗೆ ನನ್ನ ಬೆರಳುಗಳು ಉಳಿದವು. ನನ್ನ ಕೀರ್ತಿ ಏಳು ಸಮುದ್ರ ದಾಟಿತು. ಆರು ಎಂದು ಕೆಲವರು ಹೇಳುತ್ತಾರೆ, ಅವರಿಗೆ ಹೊಟ್ಟೆಕಿಚ್ಚು. ನಾಲ್ಕು ಗಂಟೆಗೆ ಎಲ್ಲರೂ ಕಾಫಿಗೆ ಹೋದಾಗ ನಾನೂ ಆ ಕುರ್ಚಿಯಲ್ಲಿ ಕೂತೆ. ಅದರ ಒಂದೊಂದು ಸುಕ್ಕನ್ನೂ ಎಳೆದವನು ನಾನು, ಅದು ನನ್ನನ್ನು ಏನು ಮಾಡೀತು? ಗೋಡೆ ಹತ್ತಿದೆ. ಅಂಚಿಗೆ ಕೈ ಹಾಕಿದೆ. ಮುಖ ತಿರುಗಿತು.

ಐದು ಗಂಟೆಯ ಬಸ್ಸಿಗೇ ಮನೆ ಸೇರಿದೆ. ಬಾಗಿಲು ತೆರೆದ ಹೆಂಡತಿಗೆ, ಚಪ್ಪಲಿ ಬಿಡುವ ಮೊದಲೇ, “ತಪ್ಪಾಯ್ತು,” ಎಂದೆ.

“ಯಾವ್ದಕ್ಕೆ?” ಎಂದಳು.

ಅದನ್ನು ನಾನು ಯೋಚಿಸಿರಲಿಲ್ಲ. “ಎಲ್ಲದಕ್ಕೂ,” ಎಂದೆ ಧಾರಾಳವಾಗಿ.

“ಹಾಗೆಲ್ಲ ಒಟ್ಟಿಗೆ ಮುಗಿಸೋಕಾಗಲ್ಲ.” ಅವಳು ಒಳಗೆ ಹೋಗಿ ಒಲೆ ಆರಿಸಿ ಬಂದು, ಎರಡು ಕುರ್ಚಿಗಳನ್ನು ಎದುರುಬದುರು ಹಾಕಿದಳು. “ಕೂತ್ಕೊಳ್ಳಿ. ಮದುವೆ ದಿನದಿಂದ ಶುರು ಮಾಡೋಣ.”